ಮುದುಕರ ಕುಣಿತವೂ ಮಡಿವಂತರ ಮುನಿಸೂ

ವಯಸ್ಸಾದ ಮೇಲೆ ಮನುಷ್ಯ ಹೇಗಿರಬೇಕೆಂಬುದರ ಬಗ್ಗೆ ನಮ್ಮಲ್ಲಿ ಎಲ್ಲರಿಗೂ ಖಚಿತವಾದ ಅಭಿಪ್ರಾಯವುಂಟು, ವಯಸ್ಸಾದವನೊಬ್ಬನನ್ನು ಬಿಟ್ಟು. ಬೆಳಗ್ಗೆ ಪಾರ್ಕಿನಲ್ಲಿ ಎರಡು ಸುತ್ತು, ಮಧ್ಯಾಹ್ನ ನಿದ್ದೆ, ಸಂಜೆ ದೇವಸ್ಥಾನ; ಇದನ್ನು ಮೀರಿದವನಿಗೆ ‘ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ?’ ಎಂಬ ಪ್ರಶ್ನೆ ಸಿದ್ಧವಾಗಿರುತ್ತದೆ. ಇಂಗ್ಲೆಂಡಿನ ‘ರೋಲಿಂಗ್ ಸ್ಟೋನ್ಸ್’ ವಾದ್ಯವೃಂದದ ಮೇಲೆ ವಿದ್ಯಾವಂತರಾದ ನನ್ನ ಮಿತ್ರರು ಇದೇ ಪ್ರಶ್ನೆಯನ್ನು ಎಸೆಯುವುದನ್ನು ಇಪ್ಪತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಕೇಳಿ ಕೇಳಿ ಬೇಸತ್ತು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೊದಲು ಸಂಗತಿ ಏನೆಂದು ನೋಡೋಣ. ಈ ವೃಂದ ಹುಟ್ಟಿದ್ದು 1962ರಲ್ಲಿ, ಲಂಡನ್ನಿನಲ್ಲಿ. ಹಾಡುವ ಮಿಕ್ ಜ್ಯಾಗರ್, ಗಿಟಾರ್ ನುಡಿಸುವ ಕೀತ್ ರಿಚರ್ಡ್ಸ್ ಇಬ್ಬರೂ 1943ರಲ್ಲಿ ಜನಿಸಿದವರು. 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ಹಾಡಿದಾಗ ಇಬ್ಬರಿಗೂ ಐವತ್ತೊಂಬತ್ತು; ಡ್ರಮ್ಮು ಬಾರಿಸುತ್ತಿದ್ದ ಚಾರ್ಲಿ ವಾಟ್ಸ್ ಅವರಿಗೆ ಅರವತ್ತೊಂದು. ಸರ್ಕಾರಿ ನೌಕರಿಯಾಗಿದ್ದರೆ ಪಿಂಚಣಿಯ ಕಾಗದಪತ್ರ ಹಿಡಿದು ಖಜಾನೆಯ ಮುಂದೆ ನಿಲ್ಲುವ ಕಾಲ. ‘ಅಯ್ಯೋ, ಮುದುಕರಾಗಿ ಹೋದರಲ್ಲ’ ಎಂದು ನಮ್ಮವರು ಆಗಲೇ ಮೂಗು ಮುರಿದಿದ್ದರು. ಆ ಮುದುಕರು ಅಲ್ಲಿಂದ ಇಪ್ಪತ್ತೊಂದು ವರ್ಷ ಕಳೆದು 2024ರಲ್ಲಿ, ಜ್ಯಾಗರ್ ರಿಚರ್ಡ್ಸ್ ಇಬ್ಬರಿಗೂ ಎಂಬತ್ತು ತುಂಬಿದ ಮೇಲೆ, ಅಮೆರಿಕ ಕೆನಡಗಳ ದೊಡ್ಡ ದೊಡ್ಡ ಕ್ರೀಡಾಂಗಣಗಳಲ್ಲಿ ಹಾಡಿದರು. ನಡುವೆ 2019ರಲ್ಲಿ ಜ್ಯಾಗರ್ ಅವರ ಹೃದಯದ ಕವಾಟಕ್ಕೆ ಚಿಕಿತ್ಸೆಯಾಗಿತ್ತು. ಮೂರು ತಿಂಗಳೊಳಗೆ ಮತ್ತೆ ವೇದಿಕೆಯ ಮೇಲಿದ್ದರು.

ಇಷ್ಟು ಕೇಳಿದರೆ ನಮ್ಮ ವಿಮರ್ಶಕ ಮಹಾಶಯರು ಹೇಳುವ ಮೊದಲ ಮಾತು: ಇದು ಹುಡುಗರ ಸಂಗೀತ, ಹುಡುಗತನ ಹೋದ ಮೇಲೆ ಉಳಿಯುವುದೇನು? ಇದು ಹುಡುಗರ ಸೊತ್ತೆಂದು ಹೇಳಿಕೊಟ್ಟವರು ಯಾರು ಸ್ವಾಮಿ? ರೆಕಾರ್ಡು ಮಾರುವವರು! ಈ ವೃಂದದವರು ವಿದ್ಯೆ ಕಲಿತದ್ದು ಅಮೆರಿಕದ ಕರಿಯ ಜನರ ‘ಬ್ಲೂಸ್’ ಹಾಡುಗಳಿಂದ. ತಮ್ಮ ಹೆಸರನ್ನು ಕೂಡ ಮಡ್ಡಿ ವಾಟರ್ಸ್ ಎಂಬ ಹಿರಿಯರ ಒಂದು ಹಾಡಿನಿಂದಲೇ ಪಡೆದರು. 1969ರ ಅಮೆರಿಕ ಪ್ರವಾಸದಲ್ಲಿ ಬಿ. ಬಿ. ಕಿಂಗ್ ಅವರನ್ನು ಜೊತೆಗೆ ಕರೆದೊಯ್ದರು. ಆ ಬಿ. ಬಿ. ಕಿಂಗ್ 2014ರಲ್ಲಿ, ತಮ್ಮ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಇನ್ನೂ ಕಛೇರಿ ಮಾಡುತ್ತಿದ್ದರು. ಗುರುಗಳ ಮನೆಯಲ್ಲಿ ನಿವೃತ್ತಿಯ ಪದ್ಧತಿ ಇರಲಿಲ್ಲ; ಶಿಷ್ಯರು ಅದನ್ನು ಎಲ್ಲಿಂದ ತರಬೇಕು?

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಗಂಗೂಬಾಯಿ ಹಾನಗಲ್ ಅವರು ತೊಂಬತ್ತು ದಾಟಿದ ಮೇಲೂ ಹಾಡಿದರು. ಗಂಟಲಿನ ಚಿಕಿತ್ಸೆಯಾದ ಮೇಲೆ ಗಂಡುಧ್ವನಿಯಂತೆ ದಪ್ಪಗಾದ ಆ ಕಂಠದ ಮುಂದೆ ನಾವು ಕೈಮುಗಿದು ಕುಳಿತೆವು. ‘ಧ್ವನಿ ಮೊದಲಿನಂತಿಲ್ಲ’ ಎಂದು ಎದ್ದುಹೋಗಲಿಲ್ಲ. ಅದು ಶಾಸ್ತ್ರೀಯ ಸಂಗೀತ, ಇದು ಕುಣಿತ ಎನ್ನುವಿರೋ? ಹಾಗಾದರೆ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತರ ಆಸುಪಾಸಿನಲ್ಲೂ ಗೆಜ್ಜೆ ಕಟ್ಟಿ ರಂಗಸ್ಥಳಕ್ಕೆ ಬಂದಾಗ ನಿದ್ದೆಗೆಟ್ಟು ಕಾದದ್ದೇಕೆ? ಹೊನ್ನಾವರದಲ್ಲಿ ಪುಣ್ಯವಾದದ್ದು ಲಂಡನ್ನಿನಲ್ಲಿ ಪಾಪವಾಗುವುದು ಯಾವ ನ್ಯಾಯ?

ಎರಡನೆಯ ಆಕ್ಷೇಪಣೆ: ಇದೆಲ್ಲ ನೆನಪಿನ ವ್ಯಾಪಾರ, ಜನ ತಮ್ಮ ಯೌವನವನ್ನು ಕೊಂಡುಕೊಳ್ಳಲು ಹೋಗುತ್ತಾರೆ. ಅರಮನೆ ಮೈದಾನದಲ್ಲಿ ಅಂದು ನಾನೂ ನಿಂತಿದ್ದೆ. ಹಾಡಿಗೆ ಹಾಡು ಸೇರಿಸಿ ಕೂಗುತ್ತಿದ್ದವರಲ್ಲಿ ಕಾಲೇಜಿನ ಹುಡುಗರು ಎಷ್ಟೋ ಮಂದಿ. ಆ ಹಾಡುಗಳು ಹೊರಬಂದಾಗ ಅವರು ಹುಟ್ಟಿಯೇ ಇರಲಿಲ್ಲ. ಇಲ್ಲದ ನೆನಪನ್ನು ಅವರು ಎಲ್ಲಿಂದ ಕೊಂಡರು? ನನಗೆ ಆನಂದ ಕೊಟ್ಟದ್ದೂ ನೆನಪಲ್ಲ, ಕಣ್ಣೆದುರಿನ ಕೆಲಸ. ಸಾಮಾನ್ಯವಾಗಿ ಇಂಥ ವೃಂದಗಳಲ್ಲಿ ಡ್ರಮ್ಮಿನವನು ಲಯ ಹಿಡಿದುಕೊಡುತ್ತಾನೆ, ಉಳಿದವರು ಅವನ ಹಿಂದೆ ಹೋಗುತ್ತಾರೆ. ಇಲ್ಲಿ ರಿಚರ್ಡ್ಸ್ ಅವರ ಗಿಟಾರು ಮುಂದೆ, ವಾಟ್ಸ್ ಅವರ ಡ್ರಮ್ಮು ಕೂದಲೆಳೆಯಷ್ಟು ಹಿಂದೆ. ಎಡಗೈಯ ಗಟ್ಟಿ ಪೆಟ್ಟು ಬೀಳುವಾಗ ವಾಟ್ಸ್ ಬಲಗೈಯನ್ನು ತಾಳದ ತಟ್ಟೆಯಿಂದ ಎತ್ತಿಬಿಡುತ್ತಿದ್ದರು. ಆ ಒಂದು ಕ್ಷಣದ ತೆರಪಿನಿಂದ ಹಾಡಿಗೆ ಒಂದು ತೂಗಾಟ ಬರುತ್ತಿತ್ತು. ಪಕ್ಕವಾದ್ಯದವರು ಬೇಕೆಂದೇ ಒಂದು ಪೆಟ್ಟು ನುಂಗಿದಾಗ ನಮ್ಮ ಕಛೇರಿಗಳಲ್ಲಿ ತಲೆಗಳು ಹೇಗೆ ಆಡುತ್ತವೆಯೋ ಹಾಗೆಯೇ. ಇಂಥ ಹೊಂದಾಣಿಕೆ ಇಪ್ಪತ್ತರ ಹುಡುಗರಿಗೆ ಒದಗುವುದಿಲ್ಲ. ನಲವತ್ತು ವರ್ಷ ಜೊತೆಯಲ್ಲಿ ಜಗಳವಾಡಿ, ರಾಜಿಯಾಗಿ, ನುಡಿಸಿದವರಿಗೆ ಮಾತ್ರ ಒದಗುತ್ತದೆ. 2021ರಲ್ಲಿ ವಾಟ್ಸ್ ತೀರಿಕೊಂಡರು. ‘ಮುದುಕರದ್ದೇನು ನೋಡುವುದು’ ಎಂದು ಅಂದು ಮನೆಯಲ್ಲೇ ಕುಳಿತವರಿಗೆ ಆ ಕೈಯ ಆಟ ಎದುರಿಗೆ ಕೂತು ಕೇಳುವ ಭಾಗ್ಯ ಇನ್ನಿಲ್ಲ.

ಹಣದ ಮಾತೂ ಬರುತ್ತದೆ. ಇಂಥ ಕಛೇರಿಗಳ ಟಿಕೆಟ್ಟು ಸಂಬಳದವರ ಕೈಗೆ ಎಟುಕದಷ್ಟು ಏರಿರುವುದು ನಿಜ, ಅದನ್ನು ಖಂಡಿಸಲೇಬೇಕು. ಆದರೆ ಆ ಖಂಡನೆ ಬೆಲೆಯ ಮೇಲಿರಲಿ, ವಯಸ್ಸಿನ ಮೇಲೆ ಬೇಡ. ಇಪ್ಪತ್ತೈದರ ತಾರೆಗಳೇನು ಧರ್ಮಕ್ಕೆ ಹಾಡುತ್ತಾರೆಯೆ?

ಮುಪ್ಪನ್ನು ನೋಡಲಾರೆವೆಂಬವರಿಗಾಗಿ ಬೇರೊಂದು ವ್ಯವಸ್ಥೆಯೂ ಆಗಿದೆ. ಸ್ವೀಡನ್ನಿನ ‘ಆಬಾ’ ವೃಂದದ ನಾಲ್ವರು ಎಪ್ಪತ್ತು ದಾಟಿದ ಮೇಲೆ, ತಮ್ಮ 1979ರ ರೂಪವನ್ನು ಕಂಪ್ಯೂಟರಿನಿಂದ ಚಿತ್ರಿಸಿ ಕುಣಿಸುವ ಪ್ರದರ್ಶನವೊಂದನ್ನು 2022ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದರು. ವಾದ್ಯದವರು ನಿಜವಾದ ಮನುಷ್ಯರು. ಹಾಡುವ ನಾಲ್ವರು ಮಾತ್ರ ಬೆಳಕಿನ ಬೊಂಬೆಗಳು. ಜಾಣತನದ ಕೆಲಸ, ಒಪ್ಪುತ್ತೇನೆ. ಆದರೆ ಆ ಬೊಂಬೆಗೆ ಏದುಸಿರು ಬರುವುದಿಲ್ಲ, ಸ್ವರ ತಪ್ಪುವುದಿಲ್ಲ, ಇಂದಿನ ಹಾಡು ನಿನ್ನೆಯದಕ್ಕಿಂತ ಬೇರೆಯಾಗುವುದೂ ಇಲ್ಲ. ತಪ್ಪಬಹುದಾದ ಮನುಷ್ಯ ತಪ್ಪದೆ ದಡ ಮುಟ್ಟಿದಾಗ ಸಭೆಯಲ್ಲಿ ಏಳುವ ಆ ಹರ್ಷಕ್ಕಾಗಿ ತಾನೆ ನಾವು ಮನೆಯ ರೇಡಿಯೋ ಆರಿಸಿ ಕಛೇರಿಗೆ ಹೋಗುವುದು?

ವಾಚಕರೆ, ಇದು ವಿಲಾಯತಿಯ ನಾಲ್ಕು ಜನರ ಪ್ರಶ್ನೆಯಷ್ಟೇ ಅಲ್ಲ. ನಿವೃತ್ತರಾದ ತಂದೆ ಪಿಟೀಲು ಕಲಿಯುತ್ತೇನೆಂದರೆ, ಅರವತ್ತರ ತಾಯಿ ನಾಟಕದಲ್ಲಿ ಪಾತ್ರ ಹಾಕುತ್ತೇನೆಂದರೆ, ನಮ್ಮ ಮನೆಗಳಲ್ಲೂ ಅದೇ ‘ಬೇಕೇ?’ ಕೇಳಿಬರುತ್ತದೆ. ಹಾಗೆ ಕೇಳುವ ಮಕ್ಕಳಿಗೂ, ಮೂಗು ಮುರಿಯುವ ವಿಮರ್ಶಕರಿಗೂ ನನ್ನದು ಒಂದೇ ಉತ್ತರ: ಬೇಕು. ಹಾಡುವವರಿಗೆ ಉಸಿರಿರುವ ತನಕ ಹಾಡಲಿ, ಕೇಳುವವರಿಗೆ ಕಿವಿಯಿರುವ ತನಕ ಕೇಳಲಿ. ನಿಮಗೆ ನಾಚಿಕೆಯಾದರೆ ದಯವಿಟ್ಟು ಮನೆಯಲ್ಲೇ ಇರಿ. ನಿಮ್ಮ ಜಾಗದಲ್ಲಿ ಇನ್ನೊಬ್ಬರು ನಿಂತು ಕುಣಿಯುತ್ತಾರೆ.