ನನ್ನ ಓಟು ಮೇವನ್‌ಗೆ

ವಿಟಿಯು 2022ರ ಸ್ಕೀಮಿನಲ್ಲಿ ಆರನೇ ಸೆಮಿಸ್ಟರಿಗೆ ಡೆವ್‌ಆಪ್ಸ್ ಎಂಬ ಲ್ಯಾಬ್ ಇದೆ. ಅದರಲ್ಲೊಂದು ಪ್ರಯೋಗ: ಜಾವಾ ಪ್ರೋಗ್ರಾಮೊಂದನ್ನು ಮೊದಲು ಮೇವನ್‌ನಲ್ಲಿ ಕಟ್ಟು, ಆಮೇಲೆ ಅದನ್ನೇ ಗ್ರೇಡಲ್‌ಗೆ ಸಾಗಿಸು. ನಮ್ಮ ಬೀದರಿನ ಮೈಲೂರ ರಸ್ತೆಯಲ್ಲಿ ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜು ಇರುವುದರಿಂದ ಇಲ್ಲಿನ ಚಹಾದಂಗಡಿಗಳಲ್ಲಿ ಇಂಥ ಮಾತು ಕಿವಿಗೆ ಬೀಳುವುದು ಹೊಸದೇನಲ್ಲ. ಎರಡನ್ನೂ ಕಲಿಸುವುದು ಸರಿ. ಆದರೆ ಸಾಗಣೆ ಒಂದೇ ದಿಕ್ಕಿಗೆ ಇರುವುದರಿಂದ ಮೇವನ್ ಹಳೇದು, ಗ್ರೇಡಲ್ ಹೊಸದು, ಹೊಸದೇ ಚಲೋ ಎಂಬುದು ಹುಡುಗರ ತಲೆಯಲ್ಲಿ ಕೂತುಬಿಡುತ್ತದೆ. ನನ್ನ ತಕರಾರು ಅದಕ್ಕೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಜಾವಾದಲ್ಲಿ ಬರೆದದ್ದು ಹಾಗೇ ಗಿರಾಕಿಯ ಕೈಗೆ ಹೋಗುವುದಿಲ್ಲ. ಕಂಪೈಲ್ ಆಗಬೇಕು, ಬೇರೆಯವರು ಬರೆದಿಟ್ಟ ಲೈಬ್ರರಿಗಳು ನೆಟ್‌ನಿಂದ ಇಳಿದು ಸೇರಬೇಕು, ಟೆಸ್ಟ್ ಓಡಬೇಕು, ಕೊನೆಗೊಂದು ಜಾರ್ ಫೈಲ್ ಹೊರಬರಬೇಕು. ಇಷ್ಟನ್ನೂ ಮಾಡುವುದು ಬಿಲ್ಡ್ ಟೂಲ್. 2000ರಲ್ಲಿ ಆಂಟ್ ಬಂತು, 2004ರಲ್ಲಿ ಮೇವನ್ 1.0, ಅದರ ಬೆನ್ನಿಗೆ ಕೆಲವೇ ವರ್ಷಗಳಲ್ಲಿ ಗ್ರೇಡಲ್. ಮೇವನ್‌ಗೆ ಪಾಮ್ ಎಂಬ ಫೈಲಿನಲ್ಲಿ ಏನೇನು ಬೇಕೆಂದು ಹೇಳಿದರೆ ಸಾಕು, ಕೆಲಸದ ಕ್ರಮ ಅದರದ್ದೇ. ಗ್ರೇಡಲ್‌ನ ಬಿಲ್ಡ್ ಫೈಲ್ ತಾನೇ ಒಂದು ಪ್ರೋಗ್ರಾಮು. ಗ್ರೂವಿಯಲ್ಲೋ ಕೋಟ್ಲಿನ್‌ನಲ್ಲೋ ಬರೆಯಬೇಕು, ಮನಸ್ಸಿಗೆ ಬಂದಂತೆ ಬರೆಯಬಹುದು.

ನಾನು ಗಾಂಧಿ ಗಂಜಿನ ಅಡತ ಅಂಗಡಿಗಳಿಗೆ ತೂಕ, ಪಟ್ಟಿ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡಿಕೊಡುವವನು. ತೊಗರಿ, ಸೋಯಾ ಬರುವ ಸೀಸನ್ನಿನಲ್ಲಿ ಅದು ದಿನವಿಡೀ ಓಡುತ್ತದೆ. ಕೋಡನ್ನು ಮಾತ್ರ ವರ್ಷಗಟ್ಟಲೆ ಯಾರೂ ಮುಟ್ಟುವುದಿಲ್ಲ. ಹಮಾಲಿ ದರ ಬದಲಾಗ್ಯಾದ, ಪಟ್ಟಿಯಾಗ ಒಂದು ಸಾಲು ಹೆಚ್ಚಿಗೆ ಹಾಕ್ರಿ ಎಂದು ಫೋನ್ ಬಂದ ದಿನ ಹಳೇ ಫೋಲ್ಡರ್ ತೆಗೆದರೆ ಅದು ಆ ದಿನವೇ ಬಿಲ್ಡ್ ಆಗಬೇಕು. ಟೂಲಿನಲ್ಲಿ ನಾನು ನೋಡುವ ಮೊದಲ ಗುಣ ಇದು. ವೇಗ ಆಮೇಲೆ.

ಭಾಲ್ಕಿ ಕಡೆಯ ಹುಡುಗನೊಬ್ಬ ಸೀನಿಯರ್‌ಗಳಿಂದ ಬಂದ ಗ್ರೇಡಲ್ ಪ್ರಾಜೆಕ್ಟನ್ನು ನನ್ನ ಹತ್ತಿರ ತಂದಿದ್ದ. ಓಡಿಸಿದ ಕೂಡಲೇ 'ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಷನ್ 61' ಎಂಬ ಕೆಂಪು ಸಾಲು. ಲ್ಯಾಪ್‌ಟಾಪಿನಲ್ಲಿದ್ದದ್ದು ಜಾವಾ 17, ಪ್ರಾಜೆಕ್ಟಿನಲ್ಲಿದ್ದದ್ದು ಗ್ರೇಡಲ್ 6. 17ರ ಮೇಲೆ ಓಡಲು ಕನಿಷ್ಠ 7.3 ಬೇಕು. ಆವೃತ್ತಿ ಏರಿಸಿದ, ನೂರು ಎಂಬಿ ಮೀರಿದ ಜಿಪ್ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ತೆವಳುತ್ತಾ ಇಳಿಯಿತು. ಈಗ 'ಕಂಪೈಲ್' ಎಂದು ಬರೆದ ಸಾಲುಗಳೇ ಅದಕ್ಕೆ ತಿಳಿಯಲೊಲ್ಲವು. 2021ರ ಗ್ರೇಡಲ್ 7ರಲ್ಲಿ ಅದನ್ನು ತೆಗೆದುಹಾಕಿದ್ದಾರೆ, 'ಇಂಪ್ಲಿಮೆಂಟೇಶನ್' ಎಂದು ಬರೆಯಬೇಕು. ಅದನ್ನೂ ತಿದ್ದಿದ. ಲೈಬ್ರರಿ ತರುವ ಜಾಗದಲ್ಲಿ ಜೆಸೆಂಟರ್ ಎಂದಿತ್ತು. ಆ ಭಂಡಾರವನ್ನು ನಿಲ್ಲಿಸುವ ಸುದ್ದಿ 2021ರಲ್ಲೇ ಬಂದಿತ್ತು. "ಸರ, ನಾ ಕೋಡ್ ಒಂದ್ ಸಾಲೂ ಮುಟ್ಟಿಲ್ರೀ" ಅಂದ, ಪಾಪ. ಪ್ರಾಜೆಕ್ಟಿನ ನಿಜವಾದ ಕೆಲಸ ಇನ್ನೂ ಶುರುವೇ ಆಗಿರಲಿಲ್ಲ.

ಇನ್ನು ಮೇವನ್‌ನ ಯಾವುದೇ ಪಾಮ್ ಫೈಲ್ ತೆಗೆದು ನೋಡಿ, ಮೇಲುಗಡೆ ಮಾಡೆಲ್ ವರ್ಷನ್ 4.0.0 ಎಂದಿರುತ್ತದೆ. 2005ರ ಮೇವನ್ 2ರಿಂದ ಅದೇ ಅಂಕಿ. ಅಂದು ಬರೆದ ಫೈಲನ್ನು ಇಂದಿನ ಮೇವನ್ ಓದುತ್ತದೆ. ಹಾಗೆಂದು ಅದೇನು ಸಾಧುವಲ್ಲ. ನಾಲ್ಕು ಲೈಬ್ರರಿ ಸೇರಿಸಲು ಮಾರುದ್ದ ಎಕ್ಸ್‌ಎಂಎಲ್ ಬರೆಸುತ್ತದೆ. 2020ರ ಜನವರಿಯಲ್ಲಿ ಮೇವನ್ ಸೆಂಟ್ರಲ್ ಎಂಬ ಲೈಬ್ರರಿ ಭಂಡಾರ ಎಚ್‌ಟಿಟಿಪಿಎಸ್ ಇಲ್ಲದ ದಾರಿ ಮುಚ್ಚಿದಾಗ ಹಳೇ ಬಿಲ್ಡ್‌ಗಳು ಜಗತ್ತಿನಾದ್ಯಂತ ನಿಂತವು. ಆದರೂ ಅದನ್ನು ಒಂದೇ ಸಾಲಿನಲ್ಲಿ ಸರಿಪಡಿಸಬಹುದಿತ್ತು.

ಆಂಡ್ರಾಯ್ಡ್ ಆ್ಯಪ್ ಮಾಡುವವರಿಗೆ ಈ ಚರ್ಚೆ ಬೇಡ, ಅಲ್ಲಿ ಗ್ರೇಡಲ್ಲೇ. ನೂರಾರು ಮಾಡ್ಯೂಲಿನ ಕಂಪನಿ ಪ್ರಾಜೆಕ್ಟಿಗೂ ಅದೇ ಮೇಲು. ಬದಲಾದಷ್ಟನ್ನೇ ಮತ್ತೆ ಕಟ್ಟುವ ಅದರ ಜಾಣತನ ಅಲ್ಲಿ ದುಡ್ಡು ಉಳಿಸುತ್ತದೆ. ಅದೇ ಜಾಣತನಕ್ಕಾಗಿ ಹಿನ್ನೆಲೆಯಲ್ಲಿ ಓಡುವ ಅದರ ಡೀಮನ್ ಕೆಲಸ ಮುಗಿದ ಮೇಲೂ ಮೂರು ತಾಸು ಮೆಮೊರಿಯಲ್ಲೇ ಕೂತಿರುತ್ತದೆ. ನಮ್ಮ ಹುಡುಗರ 4 ಜಿಬಿ ಲ್ಯಾಪ್‌ಟಾಪಿನಲ್ಲಿ ಬ್ರೌಸರ್ ತೆರೆದರೆ ಉಳಿಯುವ ಮೆಮೊರಿಯೇ ಅಷ್ಟಿಷ್ಟು.

ಈ ಜಗಳದಲ್ಲಿ ಗಿರಾಕಿಯ ನೆನಪೇ ಇರುವುದಿಲ್ಲ. ಗುಮಾಸ್ತನ ಕೈಗೆ ಜಾರ್ ಫೈಲ್ ಕೊಟ್ಟರೆ ಅವನೇನು ಮಾಡ್ಯಾನು? ಅವನಿಗೆ ಬೇಕಾದದ್ದು ಡಬಲ್ ಕ್ಲಿಕ್ಕಿಗೆ ತೆರೆಯುವ ಸೆಟಪ್. ಅದಕ್ಕೆ ಜಾವಾ 16ರಿಂದ ಜೆಡಿಕೆಯೊಳಗೇ ಜೆಪ್ಯಾಕೇಜ್ ಎಂಬ ಟೂಲ್ ಇದೆ. ಪ್ರೋಗ್ರಾಮಿನ ಜೊತೆ ಜಾವಾವನ್ನೂ ಕಟ್ಟಿಕೊಡುತ್ತದೆ. ವಿಂಡೋಸಿನ ಸೆಟಪ್ಪನ್ನು ವಿಂಡೋಸಿನಲ್ಲೇ ಕೂತು ಮಾಡಬೇಕು, ಅದೊಂದು ರಗಳೆ. ಅದನ್ನು ಮೇವನ್ ಜೊತೆ ಓಡಿಸಿದರೂ ಆಯಿತು, ಗ್ರೇಡಲ್ ಜೊತೆಯಾದರೂ ಆಯಿತು.

ಲ್ಯಾಬ್ ಪರೀಕ್ಷೆಗೆ ಬರುವ ಪರೀಕ್ಷಕರಲ್ಲಿ ಒಂದು ಕೇಳಿಕೆ. ಮೇವನ್ನಿಗೂ ಗ್ರೇಡಲ್ಲಿಗೂ ಇರುವ ವ್ಯತ್ಯಾಸ ಏನು ಎಂದು ವೈವಾದಲ್ಲಿ ಕೇಳುವ ಬದಲು, ಒಬ್ಬನ ಫೋಲ್ಡರನ್ನು ಲೈಬ್ರರಿ ಸಮೇತ ಪೆನ್‌ಡ್ರೈವಿನಲ್ಲಿ ಇನ್ನೊಬ್ಬನ ಕಂಪ್ಯೂಟರಿಗೆ ಹಾಕಿಸಿ, ವೈಫೈ ತೆಗೆಸಿ, ಬಿಲ್ಡ್ ಮಾಡು ಅನ್ನಿ. ಬಿಲ್ಡ್ ಆದರೆ, ಅದು ಗ್ರೇಡಲ್ಲೇ ಆಗಿದ್ದರೂ, ಪೂರ್ತಿ ಅಂಕ ಕೊಡಿ.