ಹರಟೆಗೂ ಒಂದು ಸ್ವಂತ ಕಟ್ಟೆ ಬೇಕು

‘ಮೊಬೈಲಲ್ಲಿ ಹರಟೆ ಹೊಡೆಯೋದು ಬಿಟ್ಟು ಓದ್ಕೋಬಾರ್ದಾ?’ ಕೆಲಸ ಹುಡುಕುತ್ತಿರುವ ನಮ್ಮಂಥವರು ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಕೇಳುವ ಮಾತಿದು. ಪದವಿ ಮುಗಿದು ಒಂದೂವರೆ ವರ್ಷವಾದ ನನಗೂ ಇದು ಬಾಯಿಪಾಠವಾಗಿದೆ. ಆದರೂ ನನ್ನ ವಾದ ಇಷ್ಟೇ: ಹರಟೆ ದಂಡದ ಕೆಲಸವಲ್ಲ. ಆ ಹರಟೆ ಎಲ್ಲಿ ನಡೆಯುತ್ತಿದೆ, ಆ ಜಾಗದ ಕೀಲಿಕೈ ಯಾರ ಬಳಿ ಇದೆ ಎಂಬುದೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ನಮ್ಮ ಹಿರಿಯರಿಗೆ ಅರಳಿಕಟ್ಟೆ ಇತ್ತು, ಮನೆ ಮುಂದೆ ಜಗಲಿ ಇತ್ತು. ಅಲ್ಲಿ ಕೂರಲು ಯಾರ ಅಪ್ಪಣೆಯೂ ಬೇಕಿರಲಿಲ್ಲ ಎಂದರೆ ಅದು ಪೂರ್ತಿ ನಿಜವಲ್ಲ. ಜಾತಿ ನೋಡಿ, ಹೆಣ್ಣೋ ಗಂಡೋ ನೋಡಿ ಜಾಗ ಕೊಡುತ್ತಿದ್ದ ಕಟ್ಟೆಗಳೇ ಹೆಚ್ಚು. ಇಂಟರ್‌ನೆಟ್ ಬಂದಾಗ ಎಲ್ಲರಿಗೂ ಕೂರಲು ಕಟ್ಟೆ ಸಿಕ್ಕಿತು ಅಂದುಕೊಂಡೆವು. ಸಿಕ್ಕಿದ್ದೂ ಹೌದು. ಆದರೆ ಆ ಕಟ್ಟೆಗೆ ಮಾಲೀಕರಿದ್ದರು. ಅವರಿಗೆ ನಮ್ಮ ಮಾತೇ ಸರಕು. ಎರಡು ಮಾತಿನ ನಡುವೆ ಒಂದು ಜಾಹೀರಾತು. ಮೆತ್ತಗೆ ಆಡಿದ ಮಾತು ಕೆಳಗೆ ಉಳಿಯುತ್ತದೆ, ಜಗಳ ಮಾತ್ರ ಮೇಲೆ ಬರುತ್ತದೆ.

ಮಾಲೀಕರ ಮನಸ್ಸು ಬದಲಾದಾಗ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಅಕ್ಕ–ಅಣ್ಣಂದಿರು ಕಾಲೇಜಿನಲ್ಲಿದ್ದಾಗ ಮುಗಿಬಿದ್ದಿದ್ದ ಆರ್ಕುಟ್ 2014ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು. 2022ರ ಅಕ್ಟೋಬರ್‌ನಲ್ಲಿ ಟ್ವಿಟರ್ 44 ಶತಕೋಟಿ ಡಾಲರ್‌ಗೆ ಇಲಾನ್ ಮಸ್ಕ್ ಕೈಸೇರಿತು, ಮರುವರ್ಷ ಅದರ ಹೆಸರೇ ‘ಎಕ್ಸ್’ ಆಯಿತು. ಬೆಂಗಳೂರಿನಲ್ಲೇ ಹುಟ್ಟಿ, ಮೊದಲು ಕನ್ನಡದಲ್ಲೇ ಶುರುವಾಗಿದ್ದ ‘ಕೂ’ ಕೂಡ 2024ರ ಜುಲೈನಲ್ಲಿ ನಿಂತಿತು. ಕಾರಣಗಳು ಬೇರೆ ಬೇರೆ. ಆದರೆ ಒಂದು ವಿಷಯ ಎಲ್ಲದಕ್ಕೂ ಸಮಾನ: ಅಲ್ಲಿ ಕೂತು ಮಾತಾಡುತ್ತಿದ್ದವರ ಕೈಯಲ್ಲಿ ತೀರ್ಮಾನ ಇರಲಿಲ್ಲ. ಸ್ವದೇಶಿ ಆ್ಯಪ್ ಆದರೂ ಅಷ್ಟೇ, ವಿದೇಶಿ ಆದರೂ ಅಷ್ಟೇ.

ಇದಕ್ಕೆ ಬೇರೆ ದಾರಿ ಇಲ್ಲವೇ? ಇದೆ, ಅದೂ ನಮಗೆ ಗೊತ್ತಿರುವ ದಾರಿಯೇ. ನಿಮ್ಮದು ಜಿಮೇಲ್, ನಿಮ್ಮ ಲೆಕ್ಚರರ್ ಅವರದು ಯಾಹೂ, ಕಾಲೇಜಿನದು ಇನ್ನೊಂದು. ಆದರೂ ಒಬ್ಬರ ಇಮೇಲ್ ಇನ್ನೊಬ್ಬರಿಗೆ ಮುಟ್ಟುತ್ತದೆ, ಏಕೆಂದರೆ ಇಮೇಲ್ ಒಂದು ಕಂಪನಿಯ ಸ್ವತ್ತಲ್ಲ. ಅದೊಂದು ಒಪ್ಪಂದ, ಯಾರು ಬೇಕಾದರೂ ಪಾಲಿಸಬಹುದು. ಇದೇ ಲೆಕ್ಕಾಚಾರವನ್ನು ಹರಟೆಗೂ ಅನ್ವಯಿಸಿದರೆ ಸಿಗುವುದೇ ವಿಕೇಂದ್ರೀಕೃತ ಸಮುದಾಯಗಳು. ಜರ್ಮನಿಯ ಯೂಗೆನ್ ರೋಚ್ಕೊ 2016ರಲ್ಲಿ ಹೊರತಂದ ‘ಮಾಸ್ಟೊಡಾನ್’ ಇವುಗಳಲ್ಲಿ ಹೆಚ್ಚು ಹೆಸರಾದದ್ದು. ಫೋಟೊಗಳಿಗೆ ಪಿಕ್ಸೆಲ್‌ಫೆಡ್, ವಿಡಿಯೊಗಳಿಗೆ ಪಿಯರ್‌ಟ್ಯೂಬ್, ವಿಷಯವಾರು ಚರ್ಚೆಗೆ ಲೆಮ್ಮಿ ಇವೆ. ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರಲ್ಲಿ ಒಪ್ಪಿದ ‘ಆ್ಯಕ್ಟಿವಿಟಿಪಬ್’ ಎಂಬ ನಿಯಮಾವಳಿ ಇವೆಲ್ಲಕ್ಕೂ ಸೇತುವೆ. ನಿಮ್ಮ ಅಕೌಂಟ್ ಒಂದು ಸರ್ವರ್‌ನಲ್ಲಿದ್ದರೂ ಸಾವಿರಾರು ಸರ್ವರ್‌ಗಳಲ್ಲಿ ಇರುವವರ ಜತೆ ಮಾತಾಡಬಹುದು. ಒಂದೊಂದು ಸರ್ವರ್ ಒಂದೊಂದು ಊರಿದ್ದಂತೆ. ಊರಿನ ನಿಯಮ ಬೇರೆ ಬೇರೆ, ರಸ್ತೆ ಮಾತ್ರ ಒಂದೇ.

ನಮ್ಮವರು ಈ ಊರುಗಳಿಗೆ ಕಾಲಿಟ್ಟಿಲ್ಲ ಎಂದೇನಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದಾಗ ಭಾರತದ ಎಷ್ಟೋ ಮಂದಿ ಮಾಸ್ಟೊಡಾನ್‌ಗೆ ಹೋದರು. ಅವರಲ್ಲಿ ಬಹಳಷ್ಟು ಜನ ಅಲ್ಲಿ ನಿಲ್ಲಲಿಲ್ಲ. ನನ್ನ ಪ್ರಕಾರ ಕಾರಣ ಸರಳ. ಅವರಿಗೆ ಬೇಕಿದ್ದದ್ದು ವೇದಿಕೆ, ಸಿಕ್ಕಿದ್ದು ಕಟ್ಟೆ. ವೇದಿಕೆಯಲ್ಲಿ ಒಬ್ಬರು ಮಾತಾಡುತ್ತಾರೆ, ಸಾವಿರ ಜನ ಚಪ್ಪಾಳೆ ತಟ್ಟುತ್ತಾರೆ. ಕಟ್ಟೆಯ ಮೇಲೆ ನಾಲ್ಕು ಜನ ಕೂತಿರುತ್ತಾರೆ, ನಾಲ್ಕೂ ಜನ ಮಾತಾಡುತ್ತಾರೆ.

ಆ ನಾಲ್ಕು ಜನರ ಬೆಲೆ ಕೆಲಸ ಹುಡುಕುವವರಿಗೆ ಚೆನ್ನಾಗಿ ಗೊತ್ತು. ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪ್ ಇನ್ನೂ ಇದೆ. ಪ್ಲೇಸ್‌ಮೆಂಟ್ ಆದವರು ಆಫೀಸಿನ ಫೋಟೊ ಹಾಕುತ್ತಾರೆ, ಆಗದವರು ಒಂದು ಥಂಬ್ಸ್ ಅಪ್ ಒತ್ತಿ ಸುಮ್ಮನಾಗುತ್ತಾರೆ. ಉದ್ಯೋಗದ ತಾಣಗಳಿಗೆ ಹೋದರೆ ಎಲ್ಲರೂ ‘ಹೇಳಿಕೊಳ್ಳಲು ಸಂತೋಷವಾಗುತ್ತಿದೆ’ ಎನ್ನುವವರೇ. ಅಲ್ಲಿ ‘ಇವತ್ತು ಬೇಜಾರಾಗಿದೆ’ ಎಂದು ಬರೆಯುವ ಧೈರ್ಯ ಯಾರಿಗಿದೆ? ಮುಂದೆ ಯಾವ ಎಚ್‌ಆರ್ ನೋಡುತ್ತಾರೋ ಎಂಬ ಅಂಜಿಕೆ.

ಎಂಟು ತಿಂಗಳಿಂದ ನಾನು ಮಾಸ್ಟೊಡಾನ್‌ನ ಒಂದು ಸಣ್ಣ ಸರ್ವರ್‌ನಲ್ಲಿದ್ದೇನೆ. ಮೊದಲ ವಾರ ಯಾರೂ ತಿರುಗಿ ನೋಡಲಿಲ್ಲ. ನಮ್ಮನ್ನು ಎತ್ತಿ ನಾಲ್ಕು ಜನರಿಗೆ ತೋರಿಸಲು ಅಲ್ಲಿ ಆಲ್ಗರಿದಮ್ ಇಲ್ಲ. ನಾವು ಫಾಲೋ ಮಾಡಿದವರ ಪೋಸ್ಟ್‌ಗಳು ಬರೆದ ಹೊತ್ತಿನ ಪ್ರಕಾರ ಬರುತ್ತವೆ, ಅಷ್ಟೆ. ಹಾಗಾಗಿ ನಾವೇ ಹೋಗಿ ಇನ್ನೊಬ್ಬರ ಮಾತಿಗೆ ಮಾತು ಸೇರಿಸಬೇಕು. ಹಳೇ ಲ್ಯಾಪ್‌ಟಾಪ್ ನಿಧಾನವಾಗಿದೆ ಎಂದು ಒಮ್ಮೆ ಬರೆದೆ. ಯಾವುದೋ ದೇಶದವರೊಬ್ಬರು ಹಗುರವಾದ ಲಿನಕ್ಸ್ ಹಾಕುವುದನ್ನು ಮೂರು ಸಂಜೆ ಕೂತು ಹೇಳಿಕೊಟ್ಟರು. ಮಾತು ಅಲ್ಲಿಂದ ಕಬ್ಬಿಣದ ಕಾವಲಿಗೆ ಹೊರಳಿ, ದೋಸೆ ಅಂಟದಂತೆ ಅದನ್ನು ಪಳಗಿಸುವುದು ಹೇಗೆಂದು ನಾನು ಅವರಿಗೆ ಹೇಳಿಕೊಟ್ಟೆ. ಇದರಿಂದ ನನಗೆ ಕೆಲಸ ಸಿಕ್ಕಿಲ್ಲ. ಆದರೆ ಅಪರಿಚಿತರ ಜತೆ ತಡವರಿಸದೆ ಇಂಗ್ಲಿಷಿನಲ್ಲಿ ಬರೆಯುವುದು, ಒಪ್ಪದ ಮಾತಿಗೆ ಸಿಟ್ಟಿಲ್ಲದೆ ಉತ್ತರ ಕೊಡುವುದು ಅಭ್ಯಾಸವಾಗಿದೆ. ಎಷ್ಟು ಪ್ಯಾಕೇಜ್ ಎಂದು ಕೇಳದವರ ಜತೆ ದಿನಕ್ಕೆ ಅರ್ಧ ಗಂಟೆ ಕಳೆದರೆ ಮರುದಿನ ಅರ್ಜಿ ಹಾಕಲು ಮನಸ್ಸು ಬರುತ್ತದೆ.

ಹಾಗೆಂದು ಅದು ಸ್ವರ್ಗವೇನಲ್ಲ. ಬಹುಪಾಲು ಸರ್ವರ್‌ಗಳು ಯಾರೋ ಕೆಲವರ ಬಿಡುವಿನ ವೇಳೆ ಮತ್ತು ಜೇಬಿನ ಹಣದಿಂದ ನಡೆಯುತ್ತವೆ. ಅವರಿಗೆ ಸಾಕೆನಿಸಿದರೆ ಅವೂ ಮುಚ್ಚುತ್ತವೆ. ಇನ್ನೊಂದು ಸರ್ವರ್‌ಗೆ ಹೋಗುವಾಗ ಫಾಲೋವರ್ಸ್‌ನ ಜತೆಗೆ ಕರೆದೊಯ್ಯಬಹುದು, ಹಳೇ ಪೋಸ್ಟ್‌ಗಳು ಮಾತ್ರ ಬರುವುದಿಲ್ಲ. ನಾವು ಡಿಲೀಟ್ ಮಾಡಿದ್ದು ಬೇರೆ ಸರ್ವರ್‌ನಲ್ಲಿ ಉಳಿದಿರಬಹುದು. ಮಾಸ್ಟೊಡಾನ್‌ನ ಖಾಸಗಿ ಸಂದೇಶಗಳು ವಾಟ್ಸ್‌ಆ್ಯಪ್‌ನಂತೆ ಎನ್‌ಕ್ರಿಪ್ಟ್ ಆಗಿರುವುದಿಲ್ಲ, ಸರ್ವರ್ ನಡೆಸುವವರು ಓದಲು ಸಾಧ್ಯವಿದೆ. ಆದ್ದರಿಂದ ಯಾರಾದರೂ ‘ಕೆಲಸ ಕೊಡಿಸುತ್ತೇನೆ’ ಎಂದರೂ ಆಧಾರ್, ಅಂಕಪಟ್ಟಿ, ಫೋನ್ ನಂಬರ್ ಅಲ್ಲಿ ಕಳಿಸಬೇಡಿ. ಹುಡುಗಿಯರನ್ನು ಕಾಡುವವರು ಅಲ್ಲೂ ಇದ್ದಾರೆ. ಅವರನ್ನು ಹೊರಗೆ ಹಾಕುವ ನಿಯಮ ಇದೆಯೇ, ಅದು ಜಾರಿಯಲ್ಲಿದೆಯೇ ಎಂದು ನೋಡಿಯೇ ಸರ್ವರ್ ಆರಿಸಿ. ಆ ಆಯ್ಕೆ ನಮ್ಮ ಕೈಯಲ್ಲಿರುವುದೇ ಇಲ್ಲಿನ ವ್ಯತ್ಯಾಸ. ಒಂದು ಊರು ಹಿಡಿಸದಿದ್ದರೆ ರಸ್ತೆ ಬಿಡದೆ ಇನ್ನೊಂದು ಊರಿಗೆ ಹೋಗಬಹುದು.

ದೊಡ್ಡ ಕೊರತೆ ಎಂದರೆ ಅಲ್ಲಿ ಕನ್ನಡ ಕಡಿಮೆ. ಸಂಜೆ ಹೊತ್ತು ಕನ್ನಡದ ಹ್ಯಾಶ್‌ಟ್ಯಾಗ್ ಹುಡುಕಿದರೆ ಬೆರಳೆಣಿಕೆಯ ಪೋಸ್ಟ್ ಕಾಣುತ್ತವೆ. ನನಗೆ ಇದು ಬಿಟ್ಟುಬರಲು ಕಾರಣ ಅನ್ನಿಸುವುದಿಲ್ಲ, ಅಲ್ಲಿಗೆ ಹೋಗಲು ಕಾರಣ ಅನ್ನಿಸುತ್ತದೆ. ತುಂಬಿದ ಬಸ್ಸಿನಲ್ಲಿ ನೇತಾಡುವುದಕ್ಕಿಂತ ಖಾಲಿ ಬಸ್ಸಿನಲ್ಲಿ ನಾವೇ ಮೊದಲು ಸೀಟು ಹಿಡಿಯಬಹುದಲ್ಲ? ಈ ತಂತ್ರಾಂಶಗಳ ಕೋಡ್ ಎಲ್ಲರಿಗೂ ತೆರೆದಿದೆ, ಅನುವಾದ ಮಾಡುವವರು ಸ್ವಯಂಸೇವಕರು. ಬಿಎ ಓದುವವರು ಅದನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈ ಹಾಕಬಹುದು. ಬಿಸಿಎ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಾಲೇಜಿಗೇ ಒಂದು ಸಣ್ಣ ಸರ್ವರ್ ನಡೆಸಿ ನೋಡಬಹುದು. ಹಿಂದೆ ಕಾಲೇಜುಗಳಲ್ಲಿ ಗೋಡೆ ಪತ್ರಿಕೆ ಇರುತ್ತಿತ್ತು. ಇದು ಬೇರೆ ಕಾಲೇಜಿನ ಗೋಡೆಗಳ ಜತೆಗೂ ಮಾತಾಡುವ ಗೋಡೆ ಪತ್ರಿಕೆ. ಯಾವುದೋ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ರೆಡಿಮೇಡ್ ಪ್ರಾಜೆಕ್ಟ್‌ಗಿಂತ ಇದು ಎಷ್ಟೋ ವಾಸಿ, ಸಂದರ್ಶನದಲ್ಲಿ ಹೇಳಿಕೊಳ್ಳಲೂ ಏನಾದರೂ ಇರುತ್ತದೆ.

ಇನ್‌ಸ್ಟಾಗ್ರಾಮ್ ಬಿಡಿ ಎಂದು ನಾನು ಹೇಳುತ್ತಿಲ್ಲ. ಗೆಳೆಯರೆಲ್ಲ ಅಲ್ಲೇ ಇರುವಾಗ ಬಿಡುವುದು ಕಷ್ಟ. ಅದರ ಜತೆಗೆ, ಯಾರೂ ಒಬ್ಬರೇ ಮುಚ್ಚಿಸಲಾಗದ ಕಟ್ಟೆಯೊಂದರಲ್ಲೂ ನಿಮ್ಮದೊಂದು ಜಾಗ ಇರಲಿ ಎನ್ನುತ್ತಿದ್ದೇನೆ. ಅಲ್ಲಿ ಮೊದಲ ದಿನವೇ ರೆಸ್ಯೂಮೆ ಹಾಕಬೇಡಿ, ಭಾಷಣವನ್ನೂ ಬರೆಯಬೇಡಿ. ‘ನಮ್ಮೂರಲ್ಲಿ ಮಳೆ ಶುರುವಾಯ್ತು, ನಿಮ್ಮ ಕಡೆ ಹೇಗೆ?’ ಎಂದು ಕನ್ನಡದಲ್ಲೇ ಕೇಳಿ. ಉತ್ತರ ಬರಲು ಒಂದೆರಡು ದಿನ ಹಿಡಿಯಬಹುದು, ಅಷ್ಟೇ.