"ಡಿಸ್‌ಪ್ಲೇ ಹೋಗಿದೆ" ಅಂದ್ರೆ ಏನು ಸ್ವಾಮಿ?

ಲ್ಯಾಪ್‌ಟಾಪ್ ಪರದೆ ಮಿಣುಕ್ ಮಿಣುಕ್ ಅಂತಿದೆ ಅಂತ ತಗೊಂಡು ಹೋದ್ರೆ ಸರ್ವಿಸ್ ಸೆಂಟರಿನವರು ಹೇಳೋದು ಒಂದೇ ಮಾತು. "ಡಿಸ್‌ಪ್ಲೇ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು." ನೆಗಡಿ ಅಂತ ಹೋದವನಿಗೆ ಮೂಗು ಬದಲಾಯಿಸಿ ಅಂದ ಹಾಗೆ! ಈ ಮಾತಿನ ಮೇಲಿರೋ ಸಿಟ್ಟನ್ನ ಇವತ್ತು ಇಲ್ಲಿ ಕಾರಿಕೊಳ್ತೀನಿ, ಸಹಿಸಿಕೊಳ್ಳಿ.

ನಮ್ಮ ತಾಂಡವಪುರದಲ್ಲಿ ಇಂಜಿನಿಯರಿಂಗ್ ಕಾಲೇಜಿದೆ, ಕಾರ್ಖಾನೆಗಳಿವೆ, ರೈಲ್ವೆ ಸ್ಟೇಷನ್ನೂ ಇದೆ. ಆದ್ರೆ ಕಂಪನಿ ಸರ್ವಿಸ್ ಸೆಂಟರ್ ಬೇಕಂದ್ರೆ ಕಡಕೊಳ ದಾಟಿ ಮೈಸೂರಿಗೇ ಹೋಗಬೇಕು. ನಮ್ಮ ಬೀದಿಯ ಹುಡುಗಿಯೊಬ್ಬಳು ಹಾಗೇ ಹೋಗಿದ್ಲು. ಕೊನೇ ವರ್ಷದ ಬಿ.ಇ., ಪ್ರಾಜೆಕ್ಟ್ ರಿಪೋರ್ಟ್ ಕೊಡೋಕೆ ಹತ್ತೇ ದಿನ. ಅಪ್ಪನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಸೆಂಟರಿನವರು ಬಿಚ್ಚಿಯೂ ನೋಡದೆ 9,500 ರೂಪಾಯಿ ಅಂದ್ರಂತೆ. "ಅದರ ಬದಲು ಹೊಸದೇ ತಗೊಂಡ್ಬಿಡಿ" ಅಂತ ಪುಕ್ಕಟೆ ಸಲಹೆ ಬೇರೆ.

"ಅಣ್ಣ, ನೀವೊಂದ್ಸಲ ನೋಡ್ತೀರಾ?" ಅಂತ ನನ್ನ ಹತ್ರ ತಂದ್ಲು. ಮುಚ್ಚಳವನ್ನ ನಿಧಾನಕ್ಕೆ ಹಿಂದೆ ಮುಂದೆ ಆಡಿಸಿದೆ. ಅರ್ಧ ಮುಚ್ಚಿದ್ರೆ ಸರಿ ಇರುತ್ತೆ, ಪೂರ್ತಿ ತೆರೆದ್ರೆ ಗೆರೆಗೆರೆ. ಬಯೋಸ್ ಸೆಟಪ್ಪಿಗೆ ಹೋದೆ, ಅಲ್ಲೂ ಮಿಣುಕು. ಅಲ್ಲಿ ವಿಂಡೋಸೂ ಇಲ್ಲ, ಅದರ ಡ್ರೈವರೂ ಇಲ್ಲ. ಅಂದ್ರೆ ತೊಂದರೆ ಹಾರ್ಡ್‌ವೇರಿನದ್ದೇ. ಹೆಚ್‌ಡಿಎಂಐ ವೈರ್ ಹಾಕಿ ಮನೆ ಟೀವಿಗೆ ಸಿಕ್ಕಿಸಿದೆ, ಟೀವಿಯಲ್ಲಿ ಚಿತ್ರ ಬಂಡೆ ಥರ ನಿಂತಿತ್ತು. ಅಲ್ಲಿಗೆ ಗ್ರಾಫಿಕ್ಸ್ ಚಿಪ್ ಬಹುತೇಕ ಬಚಾವ್. ಉಳಿದದ್ದು ಪ್ಯಾನೆಲ್, ಇಲ್ಲಾಂದ್ರೆ ಮದರ್‌ಬೋರ್ಡಿನಿಂದ ಹಿಂಜ್ ಪಕ್ಕ ನುಸುಳಿ ಪರದೆಗೆ ಹೋಗೋ ಕೇಬಲ್. ಮುಚ್ಚಳ ಆಡಿಸಿದ ಹಾಗೆಲ್ಲ ಬದಲಾಗುತ್ತೆ ಅಂದ್ಮೇಲೆ ಅನುಮಾನ ಮೊದಲು ಯಾರ ಮೇಲೆ ಬರಬೇಕು, ನೀವೇ ಹೇಳಿ. ಇಷ್ಟಕ್ಕೆ ಹಿಡಿದದ್ದು ಹದಿನೈದು ನಿಮಿಷ. ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ!

ಆಮೇಲೆ ಬಿಚ್ಚಿದ್ದು ಮೈಸೂರಿನ ಒಂದು ಸಣ್ಣ ಅಂಗಡಿಯ ಹುಡುಗ. ಮೊದಲು ಬ್ಯಾಟರಿ ಕನೆಕ್ಟರ್ ಕಿತ್ತ. (ಇದನ್ನ ಮಾಡದೆ ಆ ಕೇಬಲ್ಲಿಗೆ ಕೈ ಹಾಕೋರನ್ನ ಕಂಡ್ರೆ ನನಗೆ ಭಯ. ಬ್ಯಾಕ್‌ಲೈಟ್ ಲೈನ್ ಶಾರ್ಟ್ ಆದ್ರೆ ಬೋರ್ಡಿಗೇ ಕುತ್ತು.) ಹಿಂಜ್ ಹತ್ರ ಕೇಬಲಿನ ಹೊದಿಕೆ ಸವೆದು ಕೂದಲೆಳೆಯಂಥ ತಂತಿ ಕಾಣ್ತಿತ್ತು. ಕೇಬಲ್ಲಿಗೆ 850, ಮಜೂರಿ 400. ಪರದೆ ಹಳೇದೇ, ಈಗ್ಲೂ ಚೆನ್ನಾಗಿದೆ.

ದೊಡ್ಡ ಸೆಂಟರಿನವರಿಗೆ ಇದು ಗೊತ್ತಿಲ್ಲ ಅಂತೀರಾ? ಗೊತ್ತಿರುತ್ತೆ ಕಣ್ರೀ. ರೋಗ ಪತ್ತೆ ಮಾಡಿದ್ದಕ್ಕೆ ಬಿಲ್ ಇಲ್ಲ, ಬದಲಾಯಿಸಿದ್ದಕ್ಕೆ ಇದೆ. ಅಷ್ಟೇ ಲೆಕ್ಕ.

ಇದು ಅಗ್ಗದ ಮಾಲಿನ ಕಥೆ ಅಂದ್ಕೋಬೇಡಿ. 2016ರ ಮ್ಯಾಕ್‌ಬುಕ್ ಪ್ರೋದಲ್ಲೂ ಮುಚ್ಚಳ ತೆಗೆದು ಹಾಕಿ ತೆಳು ಕೇಬಲ್ ಸವೆಯೋ ಇದೇ ರಾಮಾಯಣ. ಕೇಬಲನ್ನ ಡಿಸ್‌ಪ್ಲೇಗೇ ಸೇರಿಸಿಬಿಟ್ಟಿದ್ರಿಂದ ಅಷ್ಟು ಸಣ್ಣ ಪಟ್ಟಿಗೋಸ್ಕರ ಇಡೀ ಡಿಸ್‌ಪ್ಲೇ ಬದಲಾಯಿಸಬೇಕಿತ್ತು. 2018ರ ಮಾದರಿಯಲ್ಲಿ ಕೇಬಲ್ 2 ಮಿಲಿಮೀಟರ್ ಉದ್ದ ಆಗಿದೆ ಅಂತ ಐಫಿಕ್ಸಿಟ್‌ನವರು ಬಿಚ್ಚಿ ಅಳೆದು ತೋರಿಸಿದ್ರು. 2019ರ ಮೇನಲ್ಲಿ ಆಪಲ್ 13 ಇಂಚಿನವಕ್ಕೆ ಪುಕ್ಕಟೆ ರಿಪೇರಿ ಘೋಷಿಸ್ತು. 15 ಇಂಚಿನವರು ಬಾಯಿ ಬಾಯಿ ಬಿಟ್ಟರು.

ಪ್ಯಾನೆಲ್ ನಿಜಕ್ಕೂ ಹೋಗೋದೂ ಉಂಟು, ಇಲ್ಲ ಅನ್ನಲ್ಲ. ಟೀವಿಯಲ್ಲೂ ಮಿಣುಕಿದ್ರೆ ಬೋರ್ಡೇ ಕೆಟ್ಟಿರಬಹುದು. ಆಗ ನೋಡದೆ ಹೊಸ ಪರದೆ ಹಾಕಿಸಿದವನ ದುಡ್ಡು ಕಪಿಲಾ ನದಿಗೆ ಬಿಟ್ಟ ಹಾಗೆ.

ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡ್ತು. ಸಂತೋಷ. ಪೋರ್ಟಲ್ ಮಾಹಿತಿ ಕೊಡುತ್ತೆ, ಕೇಬಲ್ ಕೊಡಲ್ಲ. ನನಗೆ ಬೇಕಿರೋದು ಇಷ್ಟು. ಎಸ್ಟಿಮೇಟ್ ಕೊಡೋ ಮೊದಲು ಏನೇನು ಪರೀಕ್ಷೆ ಮಾಡಿದ್ರಿ ಅಂತ ಚೀಟಿಯಲ್ಲಿ ಬರೀಲಿ. ಪರೀಕ್ಷೆಗೇ ಅಂತ 300 ರೂಪಾಯಿ ಕೇಳಲಿ, ಕೊಡೋಣ. ಕೇಬಲನ್ನ ಬಿಡಿಯಾಗಿ ಮಾರಲಿ. ಬಿಚ್ಚಿದ ಹಳೇ ಪ್ಯಾನೆಲ್ ನಮ್ಮ ಕೈಗೇ ವಾಪಸ್ ಕೊಡಲಿ. "ಕೆಟ್ಟಿದೆ" ಅಂತ ಇಟ್ಕೊಂಡ ಆ ಪ್ಯಾನೆಲ್ಲುಗಳೆಲ್ಲ ಆಮೇಲೆ ಎಲ್ಲಿಗೆ ಹೋಗುತ್ವೆ ಅನ್ನೋದರ ಬಗ್ಗೆ ನನಗಂತೂ ಬಲವಾದ ಅನುಮಾನ ಇದೆ.